ಒರಟು ಸಿನಿಮಾಗಳ ಸಂಗ್ರಹ: ಕರಾವಳಿಯ ಹಸಿಯಲ್ಲಿ ಕ್ಯಾಸೆಟ್ಟು, ರೀಲು ಆರಿಸುವುದು ಮತ್ತು ಉಳಿಸುವುದು

ಕಾರವಾರ, ಕುಮಟಾ, ಶಿರಸಿ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡು. ಚಿತ್ರ ಮಸುಕು, ಧ್ವನಿ ಗೊರಗೊರ, ನಟರ ಹೆಸರನ್ನು ಯಾರೂ ಕೇಳಿಲ್ಲ. ಇಂಥ ಸಿನಿಮಾದ ಹಳೆಯ ಕ್ಯಾಸೆಟ್ಟಿಗೆ ಸಂಗ್ರಾಹಕರು ಯಾಕೆ ಇಷ್ಟು ಆಸೆಪಡುತ್ತಾರೆ? ಸಿಕ್ಕಿದ್ದನ್ನು ನಮ್ಮ ಮಳೆಗಾಲದಲ್ಲಿ ಕೆಡದಂತೆ ಇಡುವುದು ಹೇಗೆ? ಈ ಬಗೆಯ ಚಿತ್ರಗಳಿಗೆ ಪ್ರತಿಗಳೇ ಕಡಿಮೆ, ಮತ್ತು ಒಂದು ಪ್ರತಿ ಇನ್ನೊಂದರ ಹಾಗಿರುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೊದಲನೆಯ ಪ್ರಶ್ನೆಯ ಅರ್ಧ ಉತ್ತರ ಸಿಕ್ಕ ಹಾಗೆ.

ಆಕರ್ಷಣೆ ಎಲ್ಲಿದೆ

ಒರಟು ಸಿನಿಮಾ, ಅಂದರೆ ಅಂಡರ್‌ಗ್ರೌಂಡ್ ಸಿನಿಮಾ, ಎಂದು ಇಲ್ಲಿ ಹೇಳುತ್ತಿರುವುದು ಸ್ಟುಡಿಯೊದ ದುಡ್ಡಾಗಲಿ ವಿತರಕರ ಬೆಂಬಲವಾಗಲಿ ಇಲ್ಲದೆ, ಎಷ್ಟೋ ಸಲ ಸೆನ್ಸಾರ್ ಪ್ರಮಾಣಪತ್ರವೂ ಇಲ್ಲದೆ ತಯಾರಾದ ಚಿತ್ರಗಳನ್ನು. 1923ರಲ್ಲಿ 16 ಎಂಎಂ ಫಿಲ್ಮು, 1965ರಲ್ಲಿ ಸೂಪರ್ 8 ಬಂದ ಮೇಲೆ ಕ್ಯಾಮೆರಾ ಕೈಗೆಟುಕಿತು. ಬೀದಿಯಲ್ಲಿ ಅನುಮತಿಯಿಲ್ಲದೆ, ಇದ್ದ ಬೆಳಕಿನಲ್ಲೇ ಚಿತ್ರ ತೆಗೆಯುವವರು ಹುಟ್ಟಿಕೊಂಡರು. ನ್ಯೂಯಾರ್ಕಿನಲ್ಲಿ 1962ರಲ್ಲಿ ಅಂಥ ನಿರ್ದೇಶಕರೇ ಸೇರಿ ಫಿಲ್ಮ್‌ಮೇಕರ್ಸ್ ಕೋಆಪರೇಟಿವ್ ಎಂಬ ವಿತರಣಾ ಸಂಘ ಕಟ್ಟಿಕೊಂಡರು. ನಮ್ಮ ಪಕ್ಕದ ಕೇರಳದಲ್ಲಿ ಜಾನ್ ಅಬ್ರಹಾಂ ಅವರ ಒಡೆಸ್ಸಾ ತಂಡ ಊರೂರು ತಿರುಗಿ ಜನರಿಂದ ಚಂದಾ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ಮುಗಿಸಿತು. ಅದೇ ದಶಕದಲ್ಲಿ ಅಮೆರಿಕದ ಹವ್ಯಾಸಿಗಳು ವಿಡಿಯೊ ಕ್ಯಾಮೆರಾದಲ್ಲೇ ಇಡೀ ಹಾರರ್ ಚಿತ್ರ ತೆಗೆದು, ಥಿಯೇಟರಿನ ಗೊಡವೆಯಿಲ್ಲದೆ ನೇರ ಕ್ಯಾಸೆಟ್ಟಿಗೆ ಬಿಟ್ಟರು.

ಸೂಪರ್ 8ರಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ರಿವರ್ಸಲ್ ಫಿಲ್ಮು. ಅಂದರೆ ಕ್ಯಾಮೆರಾದೊಳಗೆ ಓಡಿದ ಸುರುಳಿಯನ್ನೇ ತೊಳೆದು ಪ್ರೊಜೆಕ್ಟರಿಗೆ ಹಾಕುವುದು; ನೆಗೆಟಿವ್ ಎಂಬುದೇ ಇರುವುದಿಲ್ಲ. ಮತ್ತೊಂದು ಪ್ರಿಂಟು ತೆಗೆಸಲು ದುಡ್ಡಿಲ್ಲದವರ ಚಿತ್ರಕ್ಕೆ ಇದ್ದದ್ದು ಅದೊಂದೇ ಪ್ರತಿ. ಪ್ರತಿ ಪ್ರದರ್ಶನದ ಗೀರೂ ಅದರ ಮೇಲೇ ಬಿದ್ದಿದೆ. ಕತ್ತಲ ದೃಶ್ಯದಲ್ಲಿ ಮರಳು ಎರಚಿದಂತೆ ಕಾಣುವ ಗ್ರೇನು, ಕಿಟಕಿ ಬಂದಾಗ ಬೆಳ್ಳಗೆ ಸುಟ್ಟುಹೋದ ಚೌಕಟ್ಟು, ಹಿಂದೆ ನಿಂತು ಕ್ಯಾಮೆರಾವನ್ನೇ ದಿಟ್ಟಿಸುವ ದಾರಿಹೋಕ, ಇವೆಲ್ಲ ಆ ಚಿತ್ರ ಯಾವ ಫಿಲ್ಮಿನಲ್ಲಿ, ಎಷ್ಟು ಬೆಳಕಿನಲ್ಲಿ, ಯಾರ ಕಣ್ಣು ತಪ್ಪಿಸಿ ತಯಾರಾಯಿತು ಎಂಬುದಕ್ಕೆ ಸಾಕ್ಷಿ. ನುಣುಪಾದ ಸಿನಿಮಾ ಈ ಗುರುತುಗಳನ್ನು ಅಳಿಸಿಬಿಡುತ್ತದೆ. ಸಂಗ್ರಾಹಕರು ಬೆನ್ನು ಹತ್ತುವುದು ಈ ಗುರುತುಗಳನ್ನೇ.

ಇದರ ಮೇಲೆ ಆವೃತ್ತಿಗಳ ವ್ಯತ್ಯಾಸ. ಬ್ರಿಟನ್ನಿನಲ್ಲಿ 1984ರ ವಿಡಿಯೊ ರೆಕಾರ್ಡಿಂಗ್ಸ್ ಕಾಯ್ದೆ ಬಂದ ಮೇಲೆ ಪ್ರಮಾಣಪತ್ರವಿಲ್ಲದ ಕ್ಯಾಸೆಟ್ಟುಗಳು ಅಂಗಡಿಯಿಂದ ಮಾಯವಾದವು. ಕೆಲವು ಚಿತ್ರಗಳು ಕತ್ತರಿ ಬಿದ್ದೇ ಮರಳಿದವು. ಹಾಗಾಗಿ ಆ ಕಾಯ್ದೆಗೆ ಮುಂಚಿನ ಕ್ಯಾಸೆಟ್ಟನ್ನು ಅಲ್ಲಿಯವರು ಈಗಲೂ ಹುಡುಕುತ್ತಾರೆ. ಹೊಸ ಬ್ಲೂ-ರೇ ಬಂದರೂ ಹಳೆಯ ಕ್ಯಾಸೆಟ್ಟಿನಲ್ಲಿದ್ದ ದೃಶ್ಯವೋ ಹಿನ್ನೆಲೆ ಸಂಗೀತವೋ ಡಬ್ಬಿಂಗೋ ಅದರಲ್ಲಿ ಇಲ್ಲದಿರಬಹುದು. ನಿಮ್ಮ ಕೈಯಲ್ಲಿರುವ ಮಸುಕು ಪ್ರತಿಯನ್ನು ಎಸೆಯುವ ಮುನ್ನ ಇದು ನೆನಪಿರಲಿ.

1. ಎಳೆ ಒಂದನ್ನು ಹಿಡಿಯಿರಿ

ಸಿಕ್ಕಿದ್ದೆಲ್ಲ ಕೊಂಡರೆ ಮೊದಲ ಮಳೆಗಾಲಕ್ಕೇ ಕೈ ಸೋಲುತ್ತದೆ. ಒಂದು ದೇಶ, ಒಂದು ದಶಕ, ಒಂದು ಮಾಧ್ಯಮ, ಅಥವಾ ಒಂದು ಬಗೆ ಸಾಕು. ನಮ್ಮ ಜಿಲ್ಲೆಯವರಿಗೆ ಸಹಜವಾಗಿ ಒದಗುವ ಎಳೆಯೆಂದರೆ ವಿಎಚ್‌ಎಸ್ ಕ್ಯಾಸೆಟ್ಟು ಮತ್ತು ವಿಸಿಡಿ. ಫಿಲ್ಮಿನ ರೀಲಿಗೆ ಆಮೇಲೆ ಹೋಗಿ. ಅದರ ಖರ್ಚು, ಆರೈಕೆ ಎರಡೂ ಬೇರೆ ಮಟ್ಟದ್ದು.

2. ಎಲ್ಲಿ ಹುಡುಕುವುದು

ಮುಚ್ಚಿಹೋದ ವಿಡಿಯೊ ಲೈಬ್ರರಿಯವರ ಮನೆ, ಗುಜರಿ ಅಂಗಡಿ, ಹಳೆಯ ಟಿವಿ ರಿಪೇರಿಯವರು, ಮದುವೆ ವಿಡಿಯೊ ತೆಗೆಯುತ್ತಿದ್ದ ಸ್ಟುಡಿಯೊಗಳು. ಸ್ಟುಡಿಯೊದವರ ಹತ್ತಿರ ಕ್ಯಾಸೆಟ್ಟಿಗಿಂತ ಅವರ ವಿಸಿಆರ್ ಮುಖ್ಯ: 2016ರಲ್ಲಿ ಜಪಾನಿನ ಫುನಾಯ್ ಕಂಪನಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರ ಬರುತ್ತಿಲ್ಲ. ಕಾರವಾರದವರಿಗೆ ಮಾಜಾಳಿ ದಾಟಿದರೆ ಗೋವಾ. ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಹಳೆ ಸಾಮಾನಿನವರನ್ನು ವಿಚಾರಿಸಬಹುದು.

ಭಟ್ಕಳ, ಹೊನ್ನಾವರ, ಕಾರವಾರದ ಎಷ್ಟೋ ಮನೆಗಳಿಗೆ ಕ್ಯಾಸೆಟ್ಟು ಬಂದದ್ದು ಗಲ್ಫಿನಿಂದ. ಇಲ್ಲೊಂದು ತೊಡಕಿದೆ. ಭಾರತದ್ದು ಪಾಲ್ ಪದ್ಧತಿ (ಟಿವಿ ಸಿಗ್ನಲ್ಲಿನಲ್ಲಿ ಬಣ್ಣ ಕೂಡಿಸುವ ಒಂದು ಕ್ರಮ). ದುಬೈ, ಕುವೈತ್, ಮಸ್ಕತ್ತಿನದೂ ಪಾಲೇ. ಆದರೆ ಸೌದಿ ಅರೇಬಿಯದಲ್ಲಿದ್ದದ್ದು ಸೆಕಾಮ್. ಅಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟು ಪಾಲ್ ಮಾತ್ರ ಓದುವ ವಿಸಿಆರಿನಲ್ಲಿ ಕಪ್ಪುಬಿಳುಪಾಗಿ ಕಾಣುತ್ತದೆ. ಬಣ್ಣ ಹಾರಿಹೋಗಿದೆ ಎಂದು ಅದನ್ನು ಬದಿಗಿಡಬೇಡಿ. ಮೆಸೆಕಾಮ್ ಎಂದು ಬರೆದಿರುವ ಮಲ್ಟಿಸಿಸ್ಟಮ್ (ಹಲವು ಪದ್ಧತಿ ಓದುವ) ಯಂತ್ರದಲ್ಲಿ ಹಾಕಿ ನೋಡಿ. ಅಮೆರಿಕದ ಕ್ಯಾಸೆಟ್ಟು ಎನ್‌ಟಿಎಸ್‌ಸಿ. ಅದಕ್ಕೂ ಮಲ್ಟಿಸಿಸ್ಟಮ್ಮೇ ಬೇಕು.

ಇಂಥ ಮನೆಗಳ ಕ್ಯಾಸೆಟ್ಟಿನಲ್ಲಿ ಸಿನಿಮಾ ಮುಗಿದ ಮೇಲೆ ಮನೆಮಂದಿಯ ವಿಡಿಯೊ ಇರುವುದು ತೀರಾ ಸಾಮಾನ್ಯ. ಕೊನೆಯವರೆಗೂ ಓಡಿಸಿ. ಅಂಥದ್ದು ಸಿಕ್ಕರೆ ಆ ಭಾಗದ ಪ್ರತಿ ಮಾಡಿ ಮನೆಯವರಿಗೆ ಕೊಡಿ, ಬೇರೆ ಯಾರಿಗೂ ತೋರಿಸಬೇಡಿ.

3. ಕೊಳ್ಳುವ ಮೊದಲು ಪರೀಕ್ಷೆ

ಬೇಕಾದದ್ದು ಸಣ್ಣ ಟಾರ್ಚು, ಮಿಲಿಮೀಟರ್ ಪಟ್ಟಿ, ನಿಮ್ಮ ಮೂಗು.

ವಿಎಚ್‌ಎಸ್: ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಟೇಪಿನ ಸುರುಳಿಯ ಅಂಚು ಕನ್ನಡಿಯಂತೆ ಕಪ್ಪಗೆ, ಸಮವಾಗಿ ಹೊಳೆಯಬೇಕು. ಅಂಚಿನ ಮೇಲೆ ಬಿಳಿ ಪುಡಿಯೋ ಜೇಡರ ಬಲೆಯಂಥ ಎಳೆಯೋ ಕಂಡರೆ ಅದು ಬೂಷ್ಟು. ಸುರುಳಿಯಲ್ಲಿ ಒಂದೆರಡು ಪದರ ಮೆಟ್ಟಿಲಿನ ಹಾಗೆ ಮೇಲೆದ್ದಿದ್ದರೆ ಅಲ್ಲಿ ಟೇಪಿನ ಅಂಚು ಮಡಚಿರುವ ಸಂಭವ ಹೆಚ್ಚು. ಬದಿಯ ಸಣ್ಣ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿ, ಕಾಣುವ ಟೇಪಿನಲ್ಲಿ ಸುಕ್ಕಿದೆಯೇ ನೋಡಿ, ಬೆರಳು ತಾಗಿಸಬೇಡಿ. ಬೆನ್ನಿನ ಕಡೆಯ ರೆಕಾರ್ಡಿಂಗ್ ಕಿವಿ (ಮುರಿದರೆ ಮತ್ತೆ ರೆಕಾರ್ಡ್ ಆಗದಂತೆ ತಡೆಯುವ ಪ್ಲಾಸ್ಟಿಕ್ ತುಂಡು) ಮುರಿದ ಜಾಗಕ್ಕೆ ಸೆಲ್ಲೊಟೇಪು ಅಂಟಿಸಿದ್ದರೆ ಲೇಬಲ್ಲಿನಲ್ಲಿರುವ ಸಿನಿಮಾ ಒಳಗೆ ಇಲ್ಲದಿರಬಹುದು.

ಪ್ರತಿಯ ಪ್ರತಿಯೋ, ಮೊದಲನೆಯದೋ? ವಿಎಚ್‌ಎಸ್ ಚಿತ್ರದ ಕೆಳತುದಿಯಲ್ಲಿ ಕೆಲವು ಗೆರೆ ತಿರುಚಿರುತ್ತವೆ. ಹೆಡ್ಡಿನಿಂದ ಹೆಡ್ಡಿಗೆ (ಹೆಡ್ಡು ಎಂದರೆ ಟೇಪನ್ನು ಓದುವ ಭಾಗ) ಸಿಗ್ನಲ್ ಬದಲಾಗುವ ಗುರುತದು, ಎಲ್ಲ ಕ್ಯಾಸೆಟ್ಟಿನಲ್ಲೂ ಇರುತ್ತದೆ. ಆ ತಿರುಚು ಎರಡು ಪದರವಾಗಿ ಕಂಡರೆ ಅದು ಇನ್ನೊಂದು ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು. ಬೆಳಕು ನಿಧಾನವಾಗಿ ಏರಿಳಿಯುತ್ತಿದ್ದರೆ, ಮ್ಯಾಕ್ರೋವಿಷನ್ ಎಂಬ ನಕಲು ತಡೆ ಇದ್ದ ಅಂಗಡಿ ಕ್ಯಾಸೆಟ್ಟಿನಿಂದ ನಕಲಾಗಿದೆ ಎಂದರ್ಥ. ಹಾಗೆಂದು ನಕಲು ಪ್ರತಿ ಬೇಡವೆನ್ನಬೇಡಿ. ಅಪರೂಪದ ಚಿತ್ರಕ್ಕೆ ಉಳಿದಿರುವುದು ಅದೇ ಆಗಿರಬಹುದು. ಬೆಲೆಯನ್ನು ಮಾತ್ರ ಅದಕ್ಕೆ ತಕ್ಕಂತೆ ಚೌಕಾಸಿ ಮಾಡಿ.

ಅವಧಿಯ ಲೆಕ್ಕದಲ್ಲಿ ಹೊಸಬರು ಎಡವುತ್ತಾರೆ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಪಾಲ್ ವಿಡಿಯೊದಲ್ಲಿ 25ರ ವೇಗದಲ್ಲಿ ಓಡಿಸುತ್ತಾರೆ. 90 ನಿಮಿಷದ ಚಿತ್ರ 86 ನಿಮಿಷ 24 ಸೆಕೆಂಡಿಗೆ ಮುಗಿಯುತ್ತದೆ, ಧ್ವನಿಯೂ ಸ್ವಲ್ಪ ಕೀಚಾಗುತ್ತದೆ. ಮೂರೂವರೆ ನಿಮಿಷ ಕತ್ತರಿಸಿದ್ದಾರೆ ಎಂದು ತೀರ್ಮಾನಿಸುವ ಮೊದಲು ಈ ಭಾಗಾಕಾರ ಮಾಡಿ.

ವಿಸಿಡಿ: ಗೀರು ನೋಡುವುದು ಹೊಳೆಯುವ ಬದಿಯಲ್ಲಿ ಮಾತ್ರವಲ್ಲ. ದತ್ತಾಂಶದ ಪದರ ಇರುವುದು ಲೇಬಲ್ಲಿನ ತೆಳು ಲೇಪದ ಕೆಳಗೇ, ಹಾಗಾಗಿ ಲೇಬಲ್ ಕಡೆಯ ಗೀರು ಹೆಚ್ಚು ಅಪಾಯ. ಬೆಳಕಿಗೆ ಹಿಡಿದಾಗ ಸೂಜಿತೂತುಗಳು ಕಂಡರೆ ಅಷ್ಟು ಭಾಗ ಹೋಗಿದೆ. ಒಂದು ಡಿಸ್ಕಿನಲ್ಲಿ ಹಿಡಿಯುವುದು ಸುಮಾರು 74 ನಿಮಿಷ. ಎರಡನೆಯ, ಮೂರನೆಯ ಡಿಸ್ಕು ಕವರಿನೊಳಗೆ ಇವೆಯೇ ಎಣಿಸಿ.

16 ಎಂಎಂ ಮತ್ತು ಸೂಪರ್ 8: ಡಬ್ಬಿ ತೆರೆದೊಡನೆ ವಿನೆಗರಿನ ವಾಸನೆ ಬಂದರೆ ಫಿಲ್ಮಿನ ತಳವಾದ ಅಸಿಟೇಟು ಒಡೆದು ಅಸಿಟಿಕ್ ಆಮ್ಲವಾಗುತ್ತಿದೆ. ಶಾಖ ಮತ್ತು ಹಸಿ ಇದಕ್ಕೆ ಕಾರಣ, ಬಿಟ್ಟ ಆಮ್ಲವೇ ಮುಂದಿನ ಒಡೆತವನ್ನು ಚುರುಕಾಗಿಸುತ್ತದೆ. ನಿಲ್ಲಿಸಲು ಆಗುವುದಿಲ್ಲ, ನಿಧಾನಿಸಬಹುದು ಅಷ್ಟೇ. ಜೊತೆಗೆ ಫಿಲ್ಮು ಕುಗ್ಗಿದೆಯೇ ಅಳೆಯಿರಿ: 16 ಎಂಎಂ ಪ್ರಿಂಟಿನ 100 ಚೌಕಟ್ಟು 762 ಮಿ.ಮೀ. ಇರಬೇಕು. 754ಕ್ಕೆ ಇಳಿದಿದ್ದರೆ ಕುಗ್ಗು ಶೇ. 1 ದಾಟಿದೆ, ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲು ತೂತಿಗೆ ಕೂರದೆ ಹರಿಯುತ್ತದೆ. 400 ಅಡಿಯ 16 ಎಂಎಂ ರೀಲು ಸುಮಾರು 11 ನಿಮಿಷ, 50 ಅಡಿಯ ಸೂಪರ್ 8 ಸುರುಳಿ 18 ಚೌಕಟ್ಟಿನ ವೇಗದಲ್ಲಿ 3 ನಿಮಿಷ 20 ಸೆಕೆಂಡು. ಇಡೀ ಚಿತ್ರವಿದೆಯೇ ಎಂಬುದು ರೀಲಿನ ಲೆಕ್ಕದಲ್ಲೇ ತಿಳಿಯುತ್ತದೆ. ಬಣ್ಣವೆಲ್ಲ ಗುಲಾಬಿಗೆ ತಿರುಗಿದ್ದರೆ ನೀಲಿಹಸಿರು ಬಣ್ಣ ಮಾಸಿದೆ. 1980ರ ದಶಕದ ಆರಂಭದವರೆಗಿನ ಪ್ರಿಂಟುಗಳಲ್ಲಿ ಇದು ಸಾಮಾನ್ಯ.

4. ಮನೆಗೆ ತಂದ ಮೇಲೆ

ಹೊಸದಾಗಿ ಬಂದದ್ದನ್ನು ಹಳೆಯದರ ಜೊತೆ ಇಡಬೇಡಿ. ಬೇರೆ ಡಬ್ಬಿಯಲ್ಲಿ ಒಂದೆರಡು ವಾರ ಸಿಲಿಕಾ ಜೆಲ್ ಜೊತೆ ಒಣಗಲಿ. ಬೂಷ್ಟಿರುವ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ವಿಸಿಆರಿಗೆ ಹಾಕಬಾರದು: ಹೆಡ್ಡಿಗೆ ಅಂಟಿದ ಬೀಜಾಣು ಮುಂದೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ಹೋಗುತ್ತದೆ. ಮೊದಲು ಪೂರ್ತಿ ಒಣಗಿಸಿ. ಒದ್ದೆ ಬೂಷ್ಟು ಒರೆಸಿದರೆ ಟೇಪಿಗೆ ಬಳಿದುಕೊಳ್ಳುತ್ತದೆ, ಒಣಗಿದ್ದು ಪುಡಿಯಾಗಿ ಬರುತ್ತದೆ. ಆಮೇಲೆ ಗಾಳಿಯಾಡುವ ಜಗಲಿಯಲ್ಲಿ, ಎನ್95 ಮುಖಗವಸು ಮತ್ತು ಕೈಗವಸು ಹಾಕಿಕೊಂಡು, ಕೆಳಗಿನ 5 ಸ್ಕ್ರೂ ಬಿಚ್ಚಿ ಸುರುಳಿಯ ಅಂಚನ್ನು ಮೃದುವಾದ ಒಣ ಬಟ್ಟೆಯಿಂದ ಒರೆಸಿ. ಒರೆಸಿದ ಮೇಲೂ ಅದನ್ನು ಓಡಿಸಲು ಒಂದು ಹಳೆಯ, ಹೋದರೂ ಚಿಂತೆಯಿಲ್ಲದ ವಿಸಿಆರ್ ಬೇರೆಯೇ ಇರಲಿ. ಟೇಪು ಬಿಸಿಲಿಗೆ ಒಣಹಾಕುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಟೇಪಿನ ತಳ ಎಳೆದುಕೊಂಡರೆ ಮತ್ತೆ ಸರಿಯಾಗದು.

5. ಮಳೆಗಾಲದ ದಾಸ್ತಾನು

ಇದೇ ನಮ್ಮ ಕಡೆಯ ನಿಜವಾದ ಕಷ್ಟ. ಜೂನಿನಿಂದ ಸೆಪ್ಟೆಂಬರವರೆಗೆ ಕರಾವಳಿಯಲ್ಲಿ ಗಾಳಿಯ ಆರ್ದ್ರತೆ ಶೇ. 80ರ ಮೇಲೆಯೇ ಇರುತ್ತದೆ. ಟೇಪಿಗೆ ಬೇಕಾದದ್ದು ಶೇ. 35ರಿಂದ 45. ಬಿಚ್ಚಿಟ್ಟ ಹಪ್ಪಳದಂತೆ ಟೇಪೂ ಹಸಿ ಹೀರುತ್ತದೆ.

ಕೆಲವೇ ಕ್ಯಾಸೆಟ್ಟಿದ್ದರೆ ಗಾಳಿಯಾಡದ, ರಬ್ಬರ್ ಅಂಚಿನ 20 ಲೀಟರ್ ಪ್ಲಾಸ್ಟಿಕ್ ಡಬ್ಬಿ ಸಾಕು. ಒಂದು ಡಬ್ಬಿಗೆ 200ರಿಂದ 250 ಗ್ರಾಂ ಸಿಲಿಕಾ ಜೆಲ್ಲನ್ನು ಬಟ್ಟೆಯ ಚೀಲದಲ್ಲಿ ಹಾಕಿ, ಒಳಗೊಂದು ಸಣ್ಣ ಹೈಗ್ರೋಮೀಟರ್ (ಆರ್ದ್ರತೆ ತೋರಿಸುವ ಮಾಪಕ) ಇಡಿ. ಹಸಿ ಹೀರಿದಾಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಜೆಲ್ ಆರಿಸಿ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಇರುತ್ತದೆ, ಆರೋಗ್ಯಕ್ಕೆ ಒಳ್ಳೆಯದಲ್ಲ. ಬಣ್ಣ ಬದಲಾದ ಜೆಲ್ಲನ್ನು ಓವನ್ನಿನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಇಟ್ಟು, ಆರಿದ ಮೇಲೆ ಮರಳಿ ಹಾಕಬಹುದು. ಡಬ್ಬಿಗಳನ್ನು ಮುಚ್ಚುವ ಕೆಲಸ ಮೇ ತಿಂಗಳ ಒಣ ದಿನವೊಂದರಲ್ಲಿ ಮುಗಿಯಬೇಕು. ಜುಲೈಯಲ್ಲಿ ಮುಚ್ಚಿದರೆ ರಟ್ಟಿನ ಕವರು ಹೀರಿಕೊಂಡ ಹಸಿಯನ್ನೇ ಒಳಗೆ ಕೂಡಿಹಾಕಿದ ಹಾಗೆ. ಸಂಗ್ರಹ ನೂರು ದಾಟಿದರೆ ಕ್ಯಾಮೆರಾ ಲೆನ್ಸಿಗೆಂದು ಮಾರುವ ವಿದ್ಯುತ್ ಡ್ರೈ ಕ್ಯಾಬಿನೆಟ್ಟಿಗೆ ದುಡ್ಡು ಹಾಕಿ.

ಮಾಡಬಾರದ್ದೂ ಇವೆ. ಹಸಿ ಹೀರಲಿ ಎಂದು ಅಕ್ಕಿ ಇಟ್ಟರೆ ಹುಳವೂ ಧೂಳೂ ಬರುತ್ತವೆ. ಸುಣ್ಣದ ಹರಳಿನ ಪುಡಿ ಟೇಪಿನ ಮೇಲೆ ಕೂರುತ್ತದೆ. ಡಾಂಬರು ಗುಳಿಗೆಯ ಆವಿ ಪ್ಲಾಸ್ಟಿಕನ್ನೇ ಮೆದುವಾಗಿಸುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಮನೆಗಳಲ್ಲಿ ಅಡಿಕೆ ಒಣಗಿಸುವ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡುವವರಿದ್ದಾರೆ. ಹೊಗೆಯ ಜಿಗುಟು ಮತ್ತು ಏರಿಳಿಯುವ ಶಾಖ ಟೇಪಿಗೆ ಮಾರಕ. ಹೊರಗೋಡೆಗೆ ತಾಗಿದ ಕಪಾಟೂ ಬೇಡ, ಗೋಡೆಯ ಹಸಿ ನೇರ ಒಳಗೆ ಬರುತ್ತದೆ. ಸ್ಪೀಕರಿನ ಪಕ್ಕ ಇಡಬೇಡಿ, ಅದರಲ್ಲಿ ಅಯಸ್ಕಾಂತವಿದೆ. ಕ್ಯಾಸೆಟ್ಟನ್ನು ಒಂದು ತುದಿಗೆ ಪೂರ್ತಿ ಸುತ್ತಿ, ಪುಸ್ತಕದಂತೆ ನಿಲ್ಲಿಸಿಡಿ.

ವಿನೆಗರ್ ವಾಸನೆಯ ರೀಲಿಗೆ ಈ ಕ್ರಮ ಹೊಂದುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಆಮ್ಲ ಒಳಗೇ ಉಳಿದು ಒಡೆತ ಹೆಚ್ಚುತ್ತದೆ. ತೆರೆದಿಟ್ಟರೆ ನಮ್ಮ ಹಸಿ. ಆದ್ದರಿಂದ ಅದನ್ನು ಉಳಿದ ಫಿಲ್ಮಿನಿಂದ ದೂರ, ತೂತಿರುವ ಡಬ್ಬಿಯಲ್ಲಿ ಹಾಕಿ ಬೇರೆಯೇ ಒಂದು ಡ್ರೈ ಕ್ಯಾಬಿನೆಟ್ಟಿನಲ್ಲಿ ಇಡಿ, ಇಲ್ಲವೇ ಆಮ್ಲ ಹೀರುವ ಮಾಲಿಕ್ಯುಲರ್ ಸೀವ್ ಪೊಟ್ಟಣ ಬಳಸಿ. ಮತ್ತು ಅದನ್ನೇ ಎಲ್ಲಕ್ಕಿಂತ ಮೊದಲು ಸ್ಕ್ಯಾನಿಗೆ ಕಳಿಸಿ. ಪಾರ್ಸೆಲ್ಲು ಮಳೆಗಾಲದಲ್ಲಿ ಬೇಡ.

6. ಯಂತ್ರ ಶುಚಿ ಮಾಡುವುದು

ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಚಮಾಯ್ ತೊಗಲಿನ ತುಂಡು ಬೇಕು. ವಿದ್ಯುತ್ ತೆಗೆದು, ಮುಚ್ಚಳ ಬಿಚ್ಚಿ. ತೊಗಲನ್ನು ಒದ್ದೆ ಮಾಡಿ ಡ್ರಮ್ಮಿಗೆ (ಹೆಡ್ಡುಗಳಿರುವ, ತಿರುಗುವ ಉರುಳೆಗೆ) ಮೆಲ್ಲಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಿ. ತೊಗಲನ್ನು ಮೇಲೆ ಕೆಳಗೆ ಉಜ್ಜಿದರೆ ಕೂದಲಿಗಿಂತ ನವಿರಾದ ಹೆಡ್ಡಿನ ತುದಿ ಮುರಿದು ಯಂತ್ರವೇ ಹೋಗುತ್ತದೆ. ಹತ್ತಿಯ ಕಡ್ಡಿಯೂ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಎಸಿ ಕೋಣೆಯಿಂದ ತಂದ ವಿಸಿಆರನ್ನು ಕೆಲವು ಗಂಟೆ ಹಾಗೇ ಬಿಡಿ. ತಣ್ಣನೆಯ ಡ್ರಮ್ಮಿನ ಮೇಲೆ ಕೂತ ಇಬ್ಬನಿಗೆ ಟೇಪು ಅಂಟಿ ಸುತ್ತಿಕೊಳ್ಳುತ್ತದೆ.

7. ಡಿಜಿಟಲ್ ಪ್ರತಿ

ಡಿಸೆಂಬರಿನಿಂದ ಫೆಬ್ರವರಿ ಇದಕ್ಕೆ ಸರಿಯಾದ ಕಾಲ. ಏಪ್ರಿಲ್, ಮೇಯ ಸಿಡಿಲಿಗೆ ಯುಪಿಎಸ್ ಇಲ್ಲದೆ ಕೂರಬೇಡಿ.

ವಿಸಿಆರ್, ಅಲ್ಲಿಂದ ಟಿಬಿಸಿ (ಅಲುಗುವ ಗೆರೆಗಳನ್ನು ನೆಟ್ಟಗಾಗಿಸುವ ಪೆಟ್ಟಿಗೆ), ಅಲ್ಲಿಂದ ಕ್ಯಾಪ್ಚರ್ ಸಾಧನ (ಸಿಗ್ನಲ್ಲನ್ನು ಡಿಜಿಟಲ್ ಮಾಡುವುದು), ಕೊನೆಗೆ ಕಂಪ್ಯೂಟರ್. ಟಿಬಿಸಿ ದುಬಾರಿ, ಕೆಲವು ಹಳೆಯ ಡಿವಿಡಿ ರೆಕಾರ್ಡರುಗಳ ಮೂಲಕ ಸಿಗ್ನಲ್ ಹಾಯಿಸಿದರೂ ಬಹುಪಾಲು ಕೆಲಸ ಆಗುತ್ತದೆ. ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗಳು ಚೌಕಟ್ಟು ಬಿಡುತ್ತವೆ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಪಾಲ್ ಕ್ಯಾಸೆಟ್ಟಿಗೆ 720×576, ಸೆಕೆಂಡಿಗೆ 25 ಚೌಕಟ್ಟು, ಇಂಟರ್‌ಲೇಸ್ಡ್ (ಒಂದು ಚೌಕಟ್ಟನ್ನು ಗೆರೆ ಬಿಟ್ಟು ಗೆರೆಯಾಗಿ ಎರಡು ಅರ್ಧಗಳಲ್ಲಿ ತೋರಿಸುವ ಕ್ರಮ) ಆಗಿಯೇ, ಎಫ್‌ಎಫ್‌ವಿ1 ಎಂಬ ನಷ್ಟವಿಲ್ಲದ ಕೋಡೆಕ್ಕಿನಲ್ಲಿ, ಧ್ವನಿ 48 ಕಿಲೋಹರ್ಟ್ಸ್ ಪಿಸಿಎಂ. ಗಂಟೆಗೆ ಸುಮಾರು 30 ಜಿಬಿ ಬೇಕಾಗುತ್ತದೆ.

ಈ ಮೂಲ ಕಡತಕ್ಕೆ ಏನನ್ನೂ ಮಾಡಬೇಡಿ. ಗ್ರೇನು ಅಳಿಸುವ, ಎಐ ಹಚ್ಚಿ ಮುಖ ನುಣುಪಾಗಿಸುವ ತಂತ್ರಾಂಶಗಳು ಇಲ್ಲದ ವಿವರವನ್ನು ಕಲ್ಪಿಸಿ ತುಂಬುತ್ತವೆ; ಒರಟು ಸಿನಿಮಾದಲ್ಲಿ ನೋಡಬೇಕಾದದ್ದೇ ಹೋಗಿಬಿಡುತ್ತದೆ. ನೋಡುವ ಪ್ರತಿಯನ್ನು ಬೇರೆ ಮಾಡಿ. ಫಿಲ್ಮಿನಲ್ಲಿ ತೆಗೆದ ಚಿತ್ರಕ್ಕೆ ಸೆಕೆಂಡಿಗೆ 25 ಚೌಕಟ್ಟು ಸಾಕು. ವಿಡಿಯೊ ಕ್ಯಾಮೆರಾದಲ್ಲೇ ತೆಗೆದದ್ದಾದರೆ 50 ಇಡಿ, ಇಲ್ಲವಾದರೆ ಚಲನೆಯ ಅರ್ಧ ಕಳೆದುಹೋಗುತ್ತದೆ.

ವಿಸಿಡಿಯ ಡ್ಯಾಟ್ ಕಡತವನ್ನು (ಸಿನಿಮಾ ಇರುವ ಕಡತ) ಎಳೆದು ನಕಲು ಮಾಡಿ ಸುಮ್ಮನಾಗಬೇಡಿ. ಜಾಗ ಉಳಿಸಲು ಅದರ ವಿಡಿಯೊ ಭಾಗದಲ್ಲಿ ದೋಷ ತಿದ್ದುವ ಒಂದು ಪದರವನ್ನೇ ಬಿಟ್ಟಿರುತ್ತಾರೆ, ಸಣ್ಣ ಗೀರಿಗೂ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಇಡೀ ಡಿಸ್ಕಿನ ಬಿನ್-ಕ್ಯೂ ಪ್ರತಿ (ಡಿಸ್ಕಿನಲ್ಲಿದ್ದುದನ್ನೆಲ್ಲ ಇದ್ದಂತೆಯೇ ಎತ್ತಿಕೊಳ್ಳುವ ಕಡತಗಳ ಜೋಡಿ) ತೆಗೆಯಿರಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು.

8. ಕಾನೂನಿನ ಗಡಿ

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಿನಿಮಾದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಖಾಸಗಿ ಬಳಕೆ, ಸಂಶೋಧನೆಗೆ ನ್ಯಾಯಯುತ ವ್ಯವಹಾರವೆಂಬ ಅವಕಾಶ 52ನೆಯ ಕಲಮಿನಲ್ಲಿದೆ. ಪ್ರತಿ ಮಾರುವುದು, ಹಂಚುವುದು ಅದರಲ್ಲಿ ಸೇರದು. ಊರಿನ ಸಭಾಭವನದಲ್ಲಿ ತೋರಿಸಲು ಹಕ್ಕುದಾರರ ಒಪ್ಪಿಗೆಯ ಜೊತೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಮಾಣಪತ್ರವೂ ಬೇಕು. ಹೊರದೇಶದಿಂದ ತರಿಸಿದ್ದರಲ್ಲಿ ಅಶ್ಲೀಲವೆಂದು ಕಂಡದ್ದನ್ನು ಕಸ್ಟಮ್ಸ್ ತಡೆಹಿಡಿಯಬಹುದು. ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯವಿರುವ ಯಾವುದೇ ಚಿತ್ರವನ್ನು ಕಲೆಯ ಹೆಸರಿನಲ್ಲೂ ಮುಟ್ಟಬೇಡಿ.

9. ದಾಖಲೆ

ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು ಬರೆದಿಡಿ: ಕವರಿನ ಮೇಲಿನ ಹೆಸರು, ಪರದೆಯ ಮೇಲೆ ಬರುವ ಹೆಸರು (ಎರಡೂ ಬೇರೆಯಾಗಿರುವುದು ಈ ಚಿತ್ರಗಳಲ್ಲಿ ಮಾಮೂಲು), ಅಳೆದ ಅವಧಿ, ಪಾಲೋ ಸೆಕಾಮೋ, ಭಾಷೆ, ಮೊದಲ ಮತ್ತು ಕೊನೆಯ ದೃಶ್ಯ, ಎಲ್ಲಿ ಸಿಕ್ಕಿತು, ಬೂಷ್ಟು ಕಂಡಿತ್ತೇ. ಕವರು, ಲೇಬಲ್, ಬಾಡಿಗೆ ಲೈಬ್ರರಿಯ ಚೀಟಿ ಎಲ್ಲವನ್ನೂ ಸ್ಕ್ಯಾನ್ ಮಾಡಿ. ಲೇಬಲ್ಲಿನ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಡಿಸ್ಕಿನ ಮೇಲಂತೂ ಬೇಡವೇ ಬೇಡ.

ಡಿಜಿಟಲ್ ಕಡತದ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ; ಕಾರವಾರದವರಾದರೆ ಘಟ್ಟದ ಮೇಲಿನ ನೆಂಟರ ಮನೆ ಆದೀತು. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಚೆಕ್‌ಸಮ್ (ಕಡತ ಒಂದಿನಿತು ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆ) ತೆಗೆದು ದಾಖಲೆಯಲ್ಲಿ ಸೇರಿಸಿ. ಪ್ರತಿ ಮೇಯಲ್ಲಿ ಡಬ್ಬಿಗಳ ಜೆಲ್ ಬದಲಿಸುವಾಗಲೇ ಹಾರ್ಡ್ ಡಿಸ್ಕುಗಳನ್ನೂ ಹಚ್ಚಿ ಚೆಕ್‌ಸಮ್ ತಾಳೆ ನೋಡಿ. ತಾಳೆಯಾಗದ ಕಡತವನ್ನು ಅಂದೇ ಬೇರೆ ಡಿಸ್ಕಿನ ಸರಿಯಾದ ಪ್ರತಿಯಿಂದ ಬದಲಿಸಿ, ಆ ಹಳೆಯ ಡಿಸ್ಕನ್ನು ಬಳಕೆಯಿಂದ ತೆಗೆಯಿರಿ.